ಗಟ್ಟಿ ಮಣ್ಣು ಸಿಗುವವರೆಗೆ

ಅಗರ, ಯಳಂದೂರು ತಾಲ್ಲೂಕು
14 ಜುಲೈ 1999

ಮಗಳು ಯಶೋದಳಿಗೆ, ನಿನ್ನ ದೊಡ್ಡಪ್ಪ ಚಿಕ್ಕಮಾದಪ್ಪ ಬರೆಯುವುದು.

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯಲೇಬೇಕು ಎಂದು ಮೇಷ್ಟರು ಹೇಳಿಕೊಟ್ಟಿದ್ದರು. ಆದ್ದರಿಂದ ಕ್ಷೇಮ. ಇನ್ನು ನಿಜ ಬರೆಯುತ್ತೇನೆ.

ಕೆರೆಯ ತೂಬಿನ ಬಾಗಿಲು ಅಲುಗುತ್ತಿದೆ. ಅದು ಕಿತ್ತು ಬಂದರೆ ಊರಿನವರು ಮೊದಲು ಹಿಡಿಯುವುದು ನೀರುಗಂಟಿಯಾದ ನನ್ನನ್ನೇ. ಕೆರೆಯ ನೀರನ್ನು ಗದ್ದೆಗದ್ದೆಗೆ ಪಾಲು ಹಾಕಿ ಬಿಡುವವನಿಗೆ ಸೋರಿದ ನೀರಿನ ಲೆಕ್ಕವನ್ನೂ ಕೇಳುತ್ತಾರೆ. ನಾಯಿ ಹುಲ್ಲು ತಿನ್ನುತ್ತಿದೆ. ಹನೂರಿನಲ್ಲಿ ನಿಮ್ಮಪ್ಪ ರಾಜಣ್ಣ ಸೈಕಲ್ ಶಾಪಿಗೆ ಗಾಳಿ ತುಂಬುವ ಮಿಷನ್ ತಂದಿದ್ದಾನಂತೆ, ಅದು ಸಿಡಿದರೆ ಗತಿಯೇನು? ಅವನು ನನ್ನ ತಮ್ಮನಾದರೂ ಹೇಳಿದ್ದು ಕೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಚಿಂತೆ ನಿನ್ನದು. ನೀನು ಬೆಂಗಳೂರಿನಲ್ಲಿ ಸತ್ತವರ ಮಾಂಸ ಕೊಯ್ಯುತ್ತೀಯ ಎಂದು ಮಿಲ್ಲಿನ ಸದಾಶಿವಪ್ಪ ಊರೆಲ್ಲ ಹೇಳಿದ್ದಾನೆ. ನಿನ್ನ ದೊಡ್ಡವ್ವ ಅವನಿಗೆ ಅಕ್ಕಿ ಮಿಲ್ಲಿನ ಮುಂದೆಯೇ, "ನಮ್ಮ ಕೂಸು ಕುಯ್ದ್ರೆ ಕುಯ್ಕಳ್ಳಿ, ನಿನ್ ಮಾಂಸ ಕೇಳುದ್ಲಾ?" ಎಂದು ಕೂಗಿದ್ದಾಳೆ. ಪುಟ್ಟಗೌರಮ್ಮನ ಗಂಟಲು ನಿನಗೆ ಗೊತ್ತಲ್ಲ, ಮನೆ ಬಾಗಿಲಲ್ಲಿ ನಿಂತು ಕೂಗಿದರೆ ತೂಬಿನ ಹತ್ತಿರ ನನಗೆ ಊಟದ ಹೊತ್ತು ತಿಳಿಯುತ್ತದೆ. ಊರಿಗೆಲ್ಲ ತಿಳಿಯುತ್ತದೆ.

ನೀನು ಮಾಡುವ ಕೆಲಸವೇನು ಎಂದು ನನಗೆ ತಿಳಿಯುವ ಹಾಗೆ ಬರೆ. ಕೆರೆ ತುಂಬಿದ ವರ್ಷ ನಮ್ಮಪ್ಪನ ಜೊತೆ ತೂಬಿಗೆ, ಬತ್ತಿದ ವರ್ಷ ಸ್ಕೂಲಿಗೆ, ಹಾಗೆ ಓದಿದವನು ನಾನು. ನಾನು ಹುಡುಗನಾಗಿದ್ದಾಗ ಮಳೆ ಚೆನ್ನಾಗಿ ಆಗುತ್ತಿತ್ತು, ಅದೇ ತೊಂದರೆಯಾಯಿತು.

ಎಸ್‌ಟಿಡಿ ಬೂತಿಗೆ ಮಾತ್ರ ಫೋನ್ ಮಾಡಬೇಡ. ಬೂತಿನವನು ಬೀದಿಯಲ್ಲಿ ನನ್ನ ಹೆಸರು ಕೂಗಿದರೆ ಅಲ್ಲಿಗೆ ಹೋಗುವಷ್ಟರಲ್ಲಿ ನನ್ನ ಜೀವ ಅರ್ಧ ಹೋಗಿರುತ್ತದೆ.

ಇಂತಿ,
ಚಿಕ್ಕಮಾದಪ್ಪ

*

ಬೆಂಗಳೂರು
3 ಆಗಸ್ಟ್ 1999

ಪ್ರೀತಿಯ ದೊಡ್ಡಪ್ಪ,

ನಾನು ಸತ್ತವರನ್ನು ಕೊಯ್ಯುವುದಿಲ್ಲ. ಬದುಕಿರುವವರ ಬಾಯಿಯಿಂದ ಡಾಕ್ಟರು ತೆಗೆದ ಕ್ಯಾನ್ಸರ್ ಗೆಡ್ಡೆ ನಮ್ಮ ಲ್ಯಾಬಿಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಇದನ್ನು ಸದಾಶಿವಪ್ಪನವರಿಗೂ ಓದಿ ಹೇಳಿ.

ಎಲ್ಲರೂ ಗೆಡ್ಡೆಯನ್ನು ನೋಡುತ್ತಾರೆ. ನಮ್ಮ ಮೇಡಂ ನನಗೆ ಕೊಟ್ಟಿರುವ ಕೆಲಸ ಗೆಡ್ಡೆಯ ಸುತ್ತಲಿನ ಮಾಂಸವನ್ನು ನೋಡುವುದು. ಒಂದೇ ಗಾತ್ರದ ಎರಡು ಗೆಡ್ಡೆ ಇರುತ್ತವೆ ಅಂದುಕೊಳ್ಳಿ. ಒಂದು ಹುಟ್ಟಿದ ಜಾಗದಲ್ಲೇ ಕೂತಿರುತ್ತದೆ. ಇನ್ನೊಂದು ಕುತ್ತಿಗೆಗೆ, ಶ್ವಾಸಕೋಶಕ್ಕೆ ಹರಡಿಬಿಡುತ್ತದೆ. ಯಾಕೆ? ಗೆಡ್ಡೆಯ ಗುಣ ಒಂದೇ ಕಾರಣವಲ್ಲ, ಅದರ ಸುತ್ತ ಎಂಥ ಮಾಂಸವಿದೆ ಎನ್ನುವುದೂ ಕಾರಣ ಎಂದು ಈಗ ಹೇಳುತ್ತಿದ್ದಾರೆ.

ನಿಮಗೆ ಹೇಳುವುದಾದರೆ ಅದು ಗದ್ದೆಯ ಬದು ಇದ್ದ ಹಾಗೆ. ಬದು ಭದ್ರವಾಗಿದ್ದರೆ ನೀರು ನಿಂತಲ್ಲೇ ನಿಲ್ಲುತ್ತದೆ. ಬದು ಸಡಿಲವಾದರೆ ರಾತ್ರಿ ಬೆಳಗಾಗುವುದರಲ್ಲಿ ಪಕ್ಕದ ಗದ್ದೆಯ ಪಾಲು. ನಾನು ಇಲ್ಲಿ ದಿನವೆಲ್ಲ ನೋಡುವುದು ಬದುವನ್ನೇ. ನಿಮ್ಮ ಕೆಲಸವೇ ನನ್ನ ಕೆಲಸ ದೊಡ್ಡಪ್ಪ, ಕೆಸರು ಇಲ್ಲ ಅಷ್ಟೆ.

ಅಪ್ಪನ ಮಿಷನ್ ಸಿಡಿಯುವುದಿಲ್ಲ. ದೊಡ್ಡವ್ವನಿಗೆ ನಮಸ್ಕಾರ.

ನಿಮ್ಮ ಯಶೋದ

*

ಅಗರ
18 ಸೆಪ್ಟೆಂಬರ್ 1999

ಮಗಳು ಯಶೋದಳಿಗೆ,

ಕ್ಷೇಮ ಎಂದು ಬರೆದಾಯಿತು.

ನಿನ್ನ ಕಾಗದವನ್ನು ನಾಲ್ಕು ಜನರಿಗೆ ಓದಿ ಹೇಳಿದೆ. ನಮ್ಮ ಕೂಸು ಬೆಂಗಳೂರಿಗೆ ಹೋಗಿ ಬದು ಕಾಯುತ್ತಾಳೆ ಎಂದು ನನಗೆ ಹೆಮ್ಮೆ. ಸದಾಶಿವಪ್ಪನೂ ಕೇಳಿಸಿಕೊಂಡ, ಕೇಳದವನ ಹಾಗೆ ಹೊಟ್ಟು ತುಂಬುತ್ತಿದ್ದ.

ಇಲ್ಲಿ ತೂಬಿನ ಬಾಗಿಲು ಇನ್ನೂ ಅಲುಗುತ್ತಿದೆ. ಭತ್ತಕ್ಕೆ ಕೊಳವೆ ಹುಳು ಬಿದ್ದಿದೆ. ನಾಯಿ ಹುಲ್ಲು ಬಿಟ್ಟು ಈಗ ಮಣ್ಣು ನೆಕ್ಕುತ್ತಿದೆ, ಇದು ಹೆಚ್ಚೋ ಕಡಿಮೆಯೋ ತಿಳಿಯದು. ಕೊಳ್ಳೇಗಾಲದ ಬಸ್ಸಿಗೆ ಹೊಸ ಡ್ರೈವರ್ ಬಂದಿದ್ದಾನೆ, ತಿರುವಿನಲ್ಲಿ ಹಾರನ್ ಹೊಡೆಯುವುದಿಲ್ಲ. ನಿನ್ನ ದೊಡ್ಡವ್ವನ ಎಡಗೆನ್ನೆ ಒಳಗೆ ಒಂದು ಹುಣ್ಣು, ಎಲೆಗೆ ಸುಣ್ಣ ಜಾಸ್ತಿಯಾಗಿ ಸುಟ್ಟಿದ್ದು. ಗೌರಿಹಬ್ಬದಿಂದ ಇದೆ, ಅದು ಬಿಡು. ಮನೆಯ ಹಿಂದಿನ ನುಗ್ಗೆಮರ ಗೋಡೆಯ ಕಡೆಗೆ ವಾಲಿದೆ. ಗೋಡೆ ಬಿದ್ದರೆ ಮಳೆಗಾಲದಲ್ಲಿ ಎಲ್ಲಿ ಹೋಗುವುದು?

ಒಂದು ಮಾತು ಕೇಳಬೇಕು. ನೀನು ಹೇಳಿದ ಆ ಬದುವನ್ನು, ಅಂದರೆ ಸುತ್ತಲಿನ ಮಾಂಸವನ್ನು, ಗಟ್ಟಿ ಮಾಡುವುದಕ್ಕೆ ಏನಾದರೂ ಮದ್ದುಂಟೆ? ಸುಮ್ಮನೆ ಕೇಳಿದೆ. ಹಿಂದಿನ ವರ್ಷ ಹೊನ್ನಯ್ಯನಿಗೆ ಬಾಯಿಹುಣ್ಣು ಕೊಯ್ಸಿದರು. ಕತ್ತಿ ಸೋಕಿದ ಮೇಲೆಯೇ ಹರಡಿತು, ಕೊಯ್ಯದಿದ್ದರೆ ಇನ್ನೂ ಇರುತ್ತಿದ್ದ ಎಂದು ಊರೆಲ್ಲ ಮಾತು. ಅದಕ್ಕೆ ಕೇಳಿದೆ.

ಚಿಕ್ಕಮಾದಪ್ಪ

*

ಬೆಂಗಳೂರು
11 ಅಕ್ಟೋಬರ್ 1999

ಪ್ರೀತಿಯ ದೊಡ್ಡಪ್ಪ,

ಮುಂದಿನ ವಾರ ಎಲ್ಲರ ಮುಂದೆ ನಿಂತು ನನ್ನ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕು. ಅದಕ್ಕೆ ಈ ಕಾಗದ ಚಿಕ್ಕದು. ನಾಯಿಗೆ ಜಂತುಹುಳದ ಮಾತ್ರೆ ಕೊಡಿಸಿ. ನುಗ್ಗೆಮರಕ್ಕೆ ಹಗ್ಗ ಕಟ್ಟಿ. ಬಸ್ಸಿನಲ್ಲಿ ಹಿಂದೆ ಕೂತುಕೊಳ್ಳಿ. ದೊಡ್ಡವ್ವ ಸುಣ್ಣ ಕಡಿಮೆ ಮಾಡಲಿ, ಆ ಹೊಗೆಸೊಪ್ಪನ್ನು ಬಿಟ್ಟೇಬಿಡಲಿ ಎಂದು ನಾನು ಹೇಳಿದೆ ಅನ್ನಿ.

ಬದು ಗಟ್ಟಿ ಮಾಡುವ ಮದ್ದು ಇನ್ನೂ ಯಾರಿಗೂ ಗೊತ್ತಿಲ್ಲ. ನಿಮಗೆ ಮೊದಲು ಹೊಳೆದರೆ ನನಗೆ ಬರೆಯಿರಿ, ಇಬ್ಬರೂ ಸೇರಿ ಹೆಸರು ಮಾಡೋಣ!

ಯಶೋದ

*

ಅಗರ
5 ಡಿಸೆಂಬರ್ 1999

ಮಗಳು ಯಶೋದಳಿಗೆ,

ಕ್ಷೇಮ.

ನನಗೆ ಮದ್ದು ಹೊಳೆದಿದೆ. ಹುತ್ತದ ಮಣ್ಣು. ತೂಬಿನ ಸಂದಿಗೆ ನಾನು ಮೆತ್ತುವುದು ಅದನ್ನೇ, ನಯವಾಗಿ ಅರೆದು ಹಾಕಿದರೆ ನೀರಿನ ಹನಿ ದಾಟುವುದಿಲ್ಲ. ದಿನಾ ಬೆಳಗ್ಗೆ ಹಾಕುತ್ತಿದ್ದೇನೆ. ನೀನು ಬರೆದಿದ್ದು ಸುಳ್ಳಲ್ಲ. ಬದು ಗಟ್ಟಿಯಾಗುತ್ತ ಬಂದಿದೆ. ಬೆರಳಿನಲ್ಲಿ ಒತ್ತಿದರೆ ಕಲ್ಲಿನ ಹಾಗಿದೆ. ಇನ್ನು ಹರಡುವ ಭಯವಿಲ್ಲ.

ನಿನ್ನ ದೊಡ್ಡವ್ವ ಗಂಜಿ ಕುಡಿಯುತ್ತಾಳೆ. ಮಾತು ಕಡಿಮೆ ಮಾಡಿದ್ದಾಳೆ. ಮನೆ ತಣ್ಣಗಿದೆ. ನಾಯಿ, ತೂಬು, ನುಗ್ಗೆಮರ ಎಲ್ಲ ಚೆನ್ನಾಗಿವೆ.

ಚಿಂತೆಯೇನೂ ಇಲ್ಲ.

ಚಿಕ್ಕಮಾದಪ್ಪ

*

ಬೆಂಗಳೂರು
20 ಡಿಸೆಂಬರ್ 1999

ಪ್ರೀತಿಯ ದೊಡ್ಡಪ್ಪ,

ನಿಮ್ಮ ಕಾಗದ ಓದಿ ನೆಮ್ಮದಿಯಾದದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ರೂಮಿನ ಗೆಳತಿಗೆ ತೋರಿಸಿದೆ, "ನಿಮ್ಮ ದೊಡ್ಡಪ್ಪ ಬದಲಾಗಿಬಿಟ್ಟರಲ್ಲೇ" ಅಂದಳು. ಗದ್ದೆಯ ಬದುವಿಗೆ ಹುತ್ತದ ಮಣ್ಣು ಹಾಕಿದ್ದು ಒಳ್ಳೆಯ ಉಪಾಯ. ನನ್ನ ಸೆಮಿನಾರೂ ಚೆನ್ನಾಗಿ ಆಯಿತು. ಹೀಗೇ ಇರಿ.

ಯಶೋದ

*

ಅಗರ
9 ಜನವರಿ 2000

ಮಗಳು ಯಶೋದಳಿಗೆ,

ಎಲ್ಲ ಕ್ಷೇಮ. ಹಬ್ಬಕ್ಕೆ ಬರಬೇಡ, ಬಸ್ಸು ರಶ್ಶಿರುತ್ತದೆ. ನಿನ್ನ ದೊಡ್ಡವ್ವ ಈ ವರ್ಷ ಎಳ್ಳು ಬೀರುವುದಿಲ್ಲ. ಚಿಂತೆಯಿಲ್ಲ.

ಚಿಕ್ಕಮಾದಪ್ಪ

*

ಬೆಂಗಳೂರು
17 ಜನವರಿ 2000

ದೊಡ್ಡವ್ವಾ,

ಈ ಕಾಗದ ನಿಮಗೆ. ದೊಡ್ಡಪ್ಪ ಓದಿ ಹೇಳುತ್ತಾರೆ. ಅವರು ಓದುವಾಗ ಬೆರಳು ಸಾಲಿನ ಕೆಳಗೆ ಇಟ್ಟುಕೊಂಡು ಹೋಗುತ್ತಾರಲ್ಲ, ಆ ಬೆರಳನ್ನು ನೋಡುತ್ತಿರಿ. ಬೆರಳು ಹಾರಿದರೆ ಬಿಡಬೇಡಿ.

ದೊಡ್ಡಪ್ಪನ ಕೊನೆಯ ಎರಡು ಕಾಗದಗಳಲ್ಲಿ ಒಂದು ಚಿಂತೆಯೂ ಇಲ್ಲ. ನಾನು ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿದೆ. ಮೊನ್ನೆ ಹಬ್ಬದ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡಾಗ ಹೊಳೆಯಿತು. ನನ್ನ ದೊಡ್ಡಪ್ಪನಿಗೆ ಚಿಂತೆಯಿಲ್ಲದ ದಿನವೇ ಇಲ್ಲ. ಸಣ್ಣಪುಟ್ಟ ಚಿಂತೆಯನ್ನೆಲ್ಲ ಬರೆಯುತ್ತಾರೆ. ಹಾಗಾದರೆ ಬರೆಯದೆ ಇಟ್ಟುಕೊಂಡಿರುವುದು ಎಷ್ಟು ದೊಡ್ಡದಿರಬೇಕು? ಹಳೆಯ ಕಾಗದಗಳನ್ನು ತೆಗೆದು ಓದಿದೆ. ಬಸ್ಸಿನ ಡ್ರೈವರಿಗೂ ನುಗ್ಗೆಮರಕ್ಕೂ ನಡುವೆ ನಿಮ್ಮ ಹುಣ್ಣು ಇತ್ತು. ಗೌರಿಹಬ್ಬದಿಂದ ಮಾಯದ ಹುಣ್ಣು. ಬಾಯಿಯ ಕ್ಯಾನ್ಸರನ್ನೇ ದಿನಾ ನೋಡುವ ನಾನು ನಾಯಿಗೆ ಮಾತ್ರೆ ಹೇಳಿ ಸುಮ್ಮನಾಗಿದ್ದೆ.

ದೊಡ್ಡಪ್ಪ ಮಣ್ಣು ಮೆತ್ತಿದ್ದು ಗದ್ದೆಗಲ್ಲ, ನಿಮ್ಮ ಕೆನ್ನೆಗೆ. ಅಲ್ಲವೇ?

ನಾನು ಬದುವಿನ ಕತೆಯನ್ನು ಅರ್ಧವೇ ಬರೆದಿದ್ದೆ. ಇನ್ನರ್ಧ ಇದು. ಗೆಡ್ಡೆ ಬದುವಿನ ಈಚೆ ಸುಮ್ಮನೆ ನಿಂತ ನೀರಲ್ಲ. ಅದಕ್ಕೆ ಜೀವವಿದೆ. ಸುತ್ತಲಿನ ಒಳ್ಳೆಯ ಮಾಂಸವನ್ನು ಅದು ಮೆಲ್ಲಮೆಲ್ಲಗೆ ತನ್ನ ಕಡೆಗೆ ಮಾಡಿಕೊಳ್ಳುತ್ತದೆ. ಕಾವಲಿರಬೇಕಾದ ಮಾಂಸವೇ ಅದಕ್ಕೆ ರಕ್ತನಾಳ ಎಳೆದುಕೊಡುತ್ತದೆ, ದಾರಿ ಬಿಡಿಸಿಕೊಡುತ್ತದೆ. ಹಾಗೆ ಆಗುವಾಗ ಕೆನ್ನೆ ಬಿಗಿಯುತ್ತದೆ. ಕಲ್ಲಿನ ಹಾಗಾಗುತ್ತದೆ. ದೊಡ್ಡಪ್ಪ, ನೀವು ಬೆರಳಿನಲ್ಲಿ ಒತ್ತಿ ಸಮಾಧಾನಪಟ್ಟ ಗಟ್ಟಿ ಕಾವಲಿನ ಗಟ್ಟಿಯಲ್ಲ. ಅದೇ ಕಾಯಿಲೆ.

ನಾನು ಚಿಕ್ಕವಳಿದ್ದಾಗ ಬದುವಿನೊಳಗೆ ನಳ್ಳಿ ಬಿಲ ತೋಡಿ ನೀರು ಸೋರುತ್ತಿತ್ತು. ಆ ಏಡಿಗೆ ನಾನು ಹೆದರುತ್ತಿದ್ದೆ. ಆಗ ನೀವಿಬ್ಬರೂ ಏನು ಮಾಡುತ್ತಿದ್ದಿರಿ, ನೆನಪಿಸಿಕೊಳ್ಳಿ. ಹೊನ್ನಯ್ಯನವರ ಹುಣ್ಣನ್ನು ಕತ್ತಿ ಹರಡಿಸಲಿಲ್ಲ, ಅವರು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಕುತ್ತಿಗೆ ದಾಟಿತ್ತು. ನಿಮ್ಮದು ದಾಟುವ ಮುಂಚೆ ಬನ್ನಿ. ಮೊದಲು ಕಾಮಗೆರೆ ಆಸ್ಪತ್ರೆಯಲ್ಲಿ ತೋರಿಸಿ. ನಾಳೆಯೇ.

ಯಶೋದ

*

ಅಗರ
24 ಜನವರಿ 2000

ಕೂಸೇ,

ಕ್ಷೇಮವಿಲ್ಲ. ಮೇಷ್ಟರು ಇದ್ದರೆ ಕ್ಷಮಿಸಲಿ.

ನಿನ್ನ ಕಾಗದ ಬಂದಾಗ ನಾನು ಮೊದಲು ಒಬ್ಬನೇ ಓದಿಕೊಳ್ಳಲು ಹಿತ್ತಿಲಿಗೆ ಹೋದೆ. ಅವಳು ಹಿಂದೆಯೇ ಬಂದಳು. ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ, ಹಲ್ಲಿನ ಸಂದಿಯಿಂದ ಮಾತು ಬರುತ್ತದೆ. "ಇಲ್ಲೇ ಓದಯ್ಯಾ" ಅಂದಳು. ಓದಿದೆ. ಕಲ್ಲಿನ ಹಾಗಾಗುತ್ತದೆ ಎನ್ನುವಲ್ಲಿ ನನ್ನ ಬೆರಳು ಎರಡು ಸಾಲು ಕೆಳಕ್ಕೆ ಜಾರಿತು. ನಾನು ಜಾರಿಸಲಿಲ್ಲ, ತಾನೇ ಜಾರಿತು. ಅವಳು ನನ್ನ ಬೆರಳು ಹಿಡಿದು ಎತ್ತಿ ಮೇಲಿನ ಸಾಲಿಗೆ ಇಟ್ಟಳು. ಅಕ್ಷರ ಬಾರದವಳು ಸರಿಯಾದ ಸಾಲಿಗೇ ಇಟ್ಟಳು.

ನಳ್ಳಿಯ ವಿಷಯ ಬಂತು. ಅವಳು ನಗಲು ನೋಡಿದಳು, ನೋವಾಗಿ ಕೆನ್ನೆ ಹಿಡಿದುಕೊಂಡಳು. ಆಮೇಲೆ ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ.

"ಏನಯ್ಯಾ ನೀರುಗಂಟಿ, ನಳ್ಳಿ ಒಳಗೇ ಕುಂತದೆ, ನೀನು ಬಾಯ್ಗೆ ಮಣ್ಣು ಮೆತ್ಕಂಡು ಕುಂತಿದ್ದೀಯಲ್ಲಾ! ನಮ್ಮ ಗದ್ದೆಲಿ ಯಾವತ್ತಾರಾ ಅಂಗೆ ಮಾಡಿದ್ಯಾ?"

ಮಾಡಿಲ್ಲ. ಬಿಲದ ಬಾಯಿಗೆ ಮಣ್ಣು ಮೆತ್ತಿದರೆ ನಳ್ಳಿ ಇನ್ನೊಂದು ಕಡೆಯಿಂದ ತೂತು ಕೊರೆಯುತ್ತದೆ. ನಾನು ಬಿಲದ ಸುತ್ತ ಒಂದು ಗೇಣು ಅಗಲಕ್ಕೆ ಬದುವನ್ನೇ ಕಡಿಯುತ್ತೇನೆ. ಸನಿಕೆಗೆ ಗಟ್ಟಿ ಮಣ್ಣು ಸಿಗುವವರೆಗೆ ಅಗೆಯುತ್ತೇನೆ. ನಳ್ಳಿಯನ್ನು ಎತ್ತಿ ಬಿಸಾಕಿ ಆಮೇಲೆ ಹೊಸ ಮಣ್ಣು ತುಂಬಿ ತುಳಿಯುತ್ತೇನೆ. ಊರಿಗೆಲ್ಲ ಹಾಗೆ ಮಾಡಿದವನು ಮನೆಯೊಳಗೆ ಸನಿಕೆ ಎಂದರೆ ನಡುಗಿದೆ.

"ಕುಯ್ದ್ರೆ ಹರಡಿಬುಟ್ರೆ?" ಅಂದೆ.

"ಕುಯ್ದೇ ಇದ್ರೆ ಹರಡದೆ ಏನು, ನಿನ್ ಮಕ ನೋಡ್ಕಂಡು ಕುಂತಿರ್ತದಾ? ಚೀಲ ತಕ್ಕೊ, ಬಸ್ಸು ಬತ್ತದೆ" ಅಂದಳು.

ಹೊಸ ಡ್ರೈವರನ ಬಸ್ಸಿನಲ್ಲೇ ಹೋದೆವು. ಅವಳು ಮುಂದಿನ ಸೀಟಿನಲ್ಲೇ ಕೂತಳು. ಕಾಮಗೆರೆಯ ಡಾಕ್ಟರಮ್ಮ ಬೆರಳು ಹಾಕಿ ನೋಡಿ, ಕುತ್ತಿಗೆ ತಡವಿ, "ಕುತ್ತಿಗೆಯಲ್ಲಿ ಗಂಟು ಸಿಗುತ್ತಿಲ್ಲ, ಆದರೆ ತಡ ಮಾಡಬೇಡಿ, ಬೆಂಗಳೂರಿಗೆ ಹೋಗಿ" ಅಂದರು. ಚೀಟಿ ಬರೆದುಕೊಟ್ಟಿದ್ದಾರೆ. ಗುರುವಾರ ರಾಜಣ್ಣನೂ ನಾವೂ ಬರುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ನೀನು ಇರದಿದ್ದರೆ ಬೆಂಗಳೂರಿನಲ್ಲಿ ನಾನು ಸಾಯುತ್ತೇನೆ. ಕಾಯಿಲೆ ಇರುವುದು ಅವಳಿಗೆ, ಆದರೂ ಬರೆಯುತ್ತಿದ್ದೇನೆ.

ನಾಯಿಗೆ ಮತ್ತೆ ಹುಷಾರಿಲ್ಲ. ತೂಬು ಯಾವತ್ತೂ ಚೆನ್ನಾಗಿರಲಿಲ್ಲ.

ಚಿಕ್ಕಮಾದಪ್ಪ

*

ಅಗರ
18 ಫೆಬ್ರವರಿ 2000

ಕೂಸೇ,

ಆಪರೇಷನ್ ಆದ ಎರಡನೆಯ ದಿನವೇ ಅವಳು ನನ್ನನ್ನು ಊರಿಗೆ ಅಟ್ಟಿದ್ದು ಸರಿಯಲ್ಲ. ಬಾಯಿ ತುಂಬ ಬಟ್ಟೆ, ಮೂಗಿನಲ್ಲಿ ಟ್ಯೂಬು, ಕೈಯಲ್ಲೇ ನನಗೆ ಬಾಗಿಲು ತೋರಿಸಿದಳು. ನಾನು ಮಾಡಿದ್ದಾದರೂ ಏನು? ಟ್ಯೂಬಿನಲ್ಲಿ ಗಾಳಿಗುಳ್ಳೆ ಇದೆ ಎಂದು ನರ್ಸಮ್ಮನನ್ನು ಕರೆದೆ. ಇನ್ನೊಂದು ಸಲವೂ ಕರೆದೆ. ಪಕ್ಕದ ಹಾಸಿಗೆಯವರ ಟ್ಯೂಬನ್ನೂ ನೋಡಿದೆ, ಅದಕ್ಕೆ ಕರೆದೆ.

ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದಾರೆ, ಅಂಚು ನೋಡಿ ಹೇಳಬೇಕು ಎಂದು ನೀನು ಹೇಳಿದೆ. ಅಂಚಿನಲ್ಲಿ ಕಾಯಿಲೆ ಉಳಿದಿದ್ದರೆ ಮತ್ತೆ ಕೊಯ್ಯಬೇಕು. ಕುತ್ತಿಗೆಗೆ ಹೋಗಿದ್ದರೆ ರೇಡಿಯೇಷನ್ ಕರೆಂಟು ಕೊಡಬೇಕು. ಇನ್ನೂ ಮುಂದಕ್ಕೆ ಹೋಗಿದ್ದರೆ ಏನೆಂದು ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತು ತೂಬಿನ ಹತ್ತಿರ ಕಿವಿ ಕೊಟ್ಟು ಕೂತಿರುತ್ತೇನೆ. ಕೂಗು ಬರುವುದಿಲ್ಲ. ಊಟದ ಹೊತ್ತು ದಾಟಿ ಹೋಗುತ್ತದೆ. ನನಗೊಬ್ಬನಿಗೇ ಅಲ್ಲ, ಆಚೆ ಗದ್ದೆಯ ಕೆಂಪನಂಜಪ್ಪನೂ ಬಿಸಿಲಿನಲ್ಲಿ ಉಳುತ್ತಲೇ ಇದ್ದ. ಕೇಳಿದರೆ, "ನಿಮ್ಮವ್ವ ಕೂಗ್ನಿಲ್ವಲ್ಲಣ್ಣೋ, ಒತ್ತೇ ಗೊತ್ತಾಗ್ನಿಲ್ಲ" ಅಂದ. ನಿಮ್ಮವ್ವ ಎಂದು ನನ್ನ ಹೆಂಡತಿಗೆ ಹೇಳುತ್ತಾನೆ, ಕುಚೇಷ್ಟೆಯವನು. ಅವನ ಕಣ್ಣಲ್ಲೂ ನೀರಿತ್ತು.

ಬದುವಿನಲ್ಲಿ ಒಂದು ನಳ್ಳಿ ಬಿಲ ಕಂಡಿತು. ಅಗೆದೆ. ಗಟ್ಟಿ ಮಣ್ಣು ಸಿಕ್ಕಿದ ಮೇಲೂ ಅಗೆಯುತ್ತಲೇ ಇದ್ದೆ. ಕೆಂಪನಂಜಪ್ಪ ಬಂದು ಸನಿಕೆ ಹಿಡಿದುಕೊಂಡ.

ಫೋನ್ ಮಾಡಬೇಡ. ಬರೆ.

ಚಿಕ್ಕಮಾದಪ್ಪ

*

ಬೆಂಗಳೂರು
22 ಫೆಬ್ರವರಿ 2000

ದೊಡ್ಡಪ್ಪ,

ಗಟ್ಟಿ ಮಣ್ಣು ಸಿಕ್ಕಿತು.

ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಈಗ ಕೂತುಕೊಂಡು ಉಳಿದದ್ದನ್ನು ಓದಿ. ಸುತ್ತಲೂ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ತಳದಲ್ಲೂ ಇಲ್ಲ. ಪರೀಕ್ಷೆಗೆಂದು ಕುತ್ತಿಗೆಯಿಂದ ತೆಗೆದ ಸಣ್ಣ ಗ್ರಂಥಿಗಳಲ್ಲಿ ಒಂದರಲ್ಲೂ ಇಲ್ಲ. ಕರೆಂಟು ಬೇಡವಂತೆ. ತಪ್ಪದೆ ಬಂದು ತೋರಿಸುತ್ತಿರಬೇಕು, ಹೊಗೆಸೊಪ್ಪು ಮುಟ್ಟಬಾರದು, ಅಷ್ಟೆ.

ಆಸ್ಪತ್ರೆಯ ಡಾಕ್ಟರು ನಮ್ಮ ಮೇಡಂಗೆ ಪರಿಚಯ. "ನೋಡ್ತೀಯಾ?" ಎಂದು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ನಾನು ನೂರಾರು ಸ್ಲೈಡು ನೋಡಿದ್ದೇನೆ, ಗಾಜಿನ ಮೇಲಿನ ನಂಬರನ್ನು ಮೂರು ಸಲ ನೋಡಿದ್ದು ಇದೊಂದರದ್ದೇ. ಗೆಡ್ಡೆ ಕಂಡಿತು. ಅದು ಒಂದು ಕಡೆ ಬೆರಳು ಚಾಚಿ ಹೊರಟಿತ್ತು. ಅಲ್ಲಿ ಸುತ್ತಲಿನ ಮಾಂಸ ಬಿಗಿದುಕೊಂಡು ಅದಕ್ಕೆ ದಾರಿ ಬಿಡಲು ಶುರು ಮಾಡಿತ್ತು. ಆದರೆ ಅದರ ಆಚೆ, ದೊಡ್ಡಪ್ಪ, ರಕ್ತದ ಬಿಳಿ ಕಣಗಳು ಸಾಲುಗಟ್ಟಿ ನಿಂತಿದ್ದವು. ನೀಲಿ ಬಣ್ಣದ ಚುಕ್ಕೆ ಚುಕ್ಕೆಯಾಗಿ, ಮಳೆ ಜೋರಾದ ದಿನ ಊರಿನವರೆಲ್ಲ ಕೆರೆ ಏರಿಯ ಮೇಲೆ ನಿಲ್ಲುತ್ತಾರಲ್ಲ, ಹಾಗೆ. ದೊಡ್ಡವ್ವನ ಮೈ ತಾನೇ ಕಾವಲು ಕಳಿಸಿತ್ತು. ಅಲ್ಲಿಂದಾಚೆ ಒಳ್ಳೆಯ ಮಾಂಸ. ಅದರಾಚೆ ಡಾಕ್ಟರ ಕತ್ತಿಯ ಗುರುತು. ಇನ್ನೆರಡು ತಿಂಗಳು ಮಣ್ಣು ಮೆತ್ತಿಕೊಂಡಿದ್ದರೆ ಏನಾಗುತ್ತಿತ್ತು ಎಂದು ನಾನು ಬರೆಯುವುದಿಲ್ಲ, ನೀವೂ ಯೋಚಿಸಬೇಡಿ. ಯೋಚಿಸುತ್ತೀರಿ, ಗೊತ್ತು.

ತೊಡೆಯ ಚರ್ಮ ತೆಗೆದು ಕೆನ್ನೆಯ ಒಳಗೆ ಹೊಲಿದಿದ್ದಾರೆ, ಅದು ಹಿಡಿದುಕೊಂಡಿದೆ. ದೊಡ್ಡವ್ವನಿಗೆ ಹೇಳಿದರೆ, "ಮೇಲಿನ ಗದ್ದೆ ಮಣ್ಣು ಕೆಳಗೆ ಬರಾದು ನೋಡಿವ್ನಿ, ಕೆಳಗಿನ್ ಮಣ್ಣು ಮೇಲಕ್ಕೆ ಓಗಾದು ಇದೇ ಮೊದ್ಲು ಕಣ್ ಕೂಸು" ಅಂದರು. ಅದೇ ಬಾಯಿಗೆ ಬಂದ ಮೊದಲ ಪೂರ್ತಿ ವಾಕ್ಯ. ಎರಡನೆಯದು, "ನಿಮ್ಮ ದೊಡ್ಡಪ್ಪ ಉಂಡ್ನಂತಾ?"

ಬಾಯಿ ದೊಡ್ಡದಾಗಿ ತೆರೆಯಲು ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ದಿನಾ ಒಂದೊಂದು ಸೇರಿಸುತ್ತ ಹೋಗಬೇಕು. ನರ್ಸು ಎರಡು ಕೊಟ್ಟರೆ ಇವರು ಮೂರು ಕೇಳುತ್ತಾರೆ.

ನಿಮ್ಮ ಯಶೋದ

*

ಅಗರ
28 ಫೆಬ್ರವರಿ 2000

ಕೂಸೇ,

ಕ್ಷೇಮ. ಕ್ಷೇಮ. ಕ್ಷೇಮ. ಇಷ್ಟು ದಿನ ಸುಳ್ಳು ಬರೆದದ್ದಕ್ಕೆಲ್ಲ ಸೇರಿಸಿ.

ಪೋಸ್ಟಿನವನು ಕಾಗದ ಕೊಟ್ಟಾಗ ನಾನು ಏರಿಯ ಮೇಲಿದ್ದೆ. ಒಡೆಯಲು ಧೈರ್ಯ ಬರಲಿಲ್ಲ. ಕೆಂಪನಂಜಪ್ಪನ ಕೈಗೆ ಕೊಟ್ಟೆ. ಅವನು ಮೊದಲ ಸಾಲು ಓದಿ, "ಅಣ್ಣೋ, ಮಣ್ಣು ಸಿಕ್ತಂತೆ, ಯಾವ ಮಣ್ಣು?" ಅಂದ. ನಾನು ಅಲ್ಲೇ ಏರಿಯ ಮೇಲೆ ಕೂತು ಅತ್ತೆ. ಅವನಿಗೆ ಅರ್ಥವಾಗದೆ ಅವನೂ ಅತ್ತ. ಆಮೇಲೆ ಅರ್ಥವಾಗಿ ಅವನು ಹಾಕಿದ ಕೇಕೆಗೆ ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು. ಮಿಲ್ಲಿನ ಮುಂದೆ ಹೋಗಿ ನಾನೇ ಓದಿದೆ, ನೀಲಿ ಚುಕ್ಕೆಗಳು ಏರಿಯ ಮೇಲೆ ನಿಂತದ್ದನ್ನು ಎರಡು ಸಲ ಓದಿದೆ. ಸದಾಶಿವಪ್ಪ ಮಿಷನ್ ನಿಲ್ಲಿಸಿ ಬಂದ. ತನ್ನ ಕೆಳದುಟಿ ಮಡಿಸಿ ತೋರಿಸಿ, "ಚಿಕ್ಮಾದಪ್ಪೋ, ಇದ ನಿಮ್ಮ ಕೂಸು ನೋಡುತ್ತಾ?" ಅಂದ. ಬಿಳಿ ಕಲೆ ಇದೆ. ಮೊದಲು ಕಾಮಗೆರೆಗೆ ಕಳಿಸಿದ್ದೇನೆ. ಹೊಗೆಸೊಪ್ಪಿನ ಸಂಚಿಯನ್ನು ನನ್ನೆದುರೇ ಹೊಟ್ಟಿನ ಒಲೆಗೆ ಹಾಕಿದ.

ಅವಳಿಗೆ ಹೇಳು, ನಾನು ಉಂಡೆ. ಇವತ್ತು ಉಂಡೆ.

ಚಿಕ್ಕಮಾದಪ್ಪ

*

ಅಗರ
10 ಅಕ್ಟೋಬರ್ 2004

ಮಗಳು ಡಾಕ್ಟರ್ ಯಶೋದಳಿಗೆ,

ಕ್ಷೇಮ. ಇನ್ನು ನಿಜ ಬರೆಯುತ್ತೇನೆ.

ಮೂರು ವರ್ಷ ಮಳೆ ಕೈಕೊಟ್ಟು ಈ ಸಲ ಕೆರೆಗೆ ನೀರು ಬಂದಿದೆ. ಬಂದದ್ದಕ್ಕೆ ಸಂತೋಷಪಡುವುದೋ, ಒಣಗಿ ಬಿರುಕು ಬಿಟ್ಟ ಏರಿ ತಡೆಯುವುದೋ ಇಲ್ಲವೋ ಎಂದು ಹೆದರುವುದೋ, ಎರಡನ್ನೂ ಮಾಡುತ್ತಿದ್ದೇನೆ. ತೂಬಿಗೆ ಹೊಸ ಬಾಗಿಲು ಹಾಕಿದ್ದಾರೆ. ಅದು ಅಲುಗುವುದಿಲ್ಲ. ಅಲುಗದ ಬಾಗಿಲನ್ನು ನಾನು ನಂಬುವುದಿಲ್ಲ. ನುಗ್ಗೆಮರ ಕೊನೆಗೂ ಬಿತ್ತು, ಗೋಡೆಯ ಮೇಲಲ್ಲ, ಆಚೆ ಕಡೆಗೆ. ಇಷ್ಟು ವರ್ಷ ಆ ಕಡೆ ಚಿಂತೆಯನ್ನೇ ಮಾಡಿರಲಿಲ್ಲ. ನೀನು ಪಿಎಚ್‌ಡಿ ಮುಗಿಸಿ ಡಾಕ್ಟರಾದೆ ಎಂದು ಹೇಳಿದ್ದೇ ತಪ್ಪಾಯಿತು, ಊರಿನವರೆಲ್ಲ ಹಲ್ಲುನೋವು ಹೇಳಿಕೊಂಡು ನನ್ನ ಮನೆಗೆ ಬರುತ್ತಾರೆ. ಅವಳು ಪಡಸಾಲೆಯಲ್ಲಿ ಕೂರಿಸಿಕೊಂಡು, "ಬಾಯ್ ಬುಡಿ, ನೋಡುಮಾ" ಎಂದು ಬ್ಯಾಟರಿ ಹಾಕಿ ನೋಡುತ್ತಾಳೆ. ಮಾಯದ ಹುಣ್ಣಿದ್ದರೆ ಬಸ್ಸು ಹತ್ತಿಸುವವರೆಗೂ ಬಿಡುವುದಿಲ್ಲ. ನಳ್ಳಿಯ ಕತೆ ಹೇಳುತ್ತಾಳೆ. ಅದರಲ್ಲಿ ನಾನು ಪ್ರತಿ ಸಲವೂ ಇನ್ನಷ್ಟು ದಡ್ಡನಾಗುತ್ತಿದ್ದೇನೆ.

ಹೋದ ತಿಂಗಳು ಬೆಂಗಳೂರಿನ ಡಾಕ್ಟರು ನೋಡಿ, "ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು" ಅಂದರಲ್ಲ. ವರ್ಷಕ್ಕೊಂದೇ ಸಲ ಸಾಕೇ ಎಂದು ನಾನು ಕೇಳಬೇಕೆಂದಿದ್ದೆ, ಅವಳು ನನ್ನ ಕಾಲು ತುಳಿದಳು.

ಎಡಗೆನ್ನೆ ಸ್ವಲ್ಪ ಒಳಕ್ಕೆ ಹೋಗಿದೆ, ನಗುವಾಗ ಬಾಯಿ ಓರೆಯಾಗುತ್ತದೆ. ಆದರೆ ಇವತ್ತು ಬೆಳಗ್ಗೆ ಮುದ್ದೆಯನ್ನು ಅವಳು ಮೊದಲಿನ ಗಾತ್ರಕ್ಕೇ ಮುರಿದು, ಸಾರಿನಲ್ಲಿ ಅದ್ದಿ, ನನ್ನನ್ನೇ ನೋಡುತ್ತ ನುಂಗಿದಳು. ನಾನು ತುತ್ತು ಎಣಿಸಲಿಲ್ಲ. ಸುಮ್ಮನೆ ನೋಡಿದೆ.

ಈ ಕಾಗದವನ್ನು ತೂಬಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಬಗ್ಗೆಯೂ ಚಿಂತೆಗಳಿವೆ, ಸ್ಕೂಟರಿನದು ಒಂದು, ಮದುವೆಯದು ಒಂದು, ಅವನ್ನು ಬರೆಯುವ ಮುಂಚೆ ಅಗೋ, ಕೂಗಿದಳು. "ಓಯ್ ನೀರುಗಂಟೀ, ಉಣ್ಣಕ್ ಬಾರಯ್ಯೋ!" ಮೂರು ಗದ್ದೆ ದಾಟಿ ಬಂದಿದೆ. ಆಚೆ ಕೆಂಪನಂಜಪ್ಪ ನೊಗ ಇಳಿಸುತ್ತಿದ್ದಾನೆ.

ನಾನು ಏಳಬೇಕು. ಆದರೆ ಇನ್ನೂ ಒಂದು ಸಲ ಕೂಗಲಿ ಎಂದು ಕಾಯುತ್ತೇನೆ. ದಿನಾ ಹಾಗೇ ಮಾಡುತ್ತೇನೆ. ಅವಳಿಗೆ ಹೇಳಬೇಡ.

ನಿನ್ನ ದೊಡ್ಡಪ್ಪ
ಚಿಕ್ಕಮಾದಪ್ಪ